ರಾಣಿ ಎದ್ದು ನಿಂತ ಭಾನುವಾರ

ಫೆಬ್ರವರಿ ೧೧

ಮಗಳಿಗೆ,

ನೀನು ಫೋನ್ ಎತ್ತುವುದಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಹರಿದು ಹಾಕಬೇಕಾದರೂ ಮೊದಲು ಕೈಯಲ್ಲಿ ಹಿಡಿಯಲೇಬೇಕು. ವಿಳಾಸವನ್ನು ನಿನ್ನ ಸ್ನೇಹಿತ, ಆ ಹಲ್ಲಿನ ಸೆಟ್ಟು ಕಟ್ಟುವವನಿಂದ ತೆಗೆದುಕೊಂಡೆ. ಕೊಡಲು ಹಿಂದೆಮುಂದೆ ನೋಡಿದ. "ಅವಳನ್ನ ಒಂದು ಮಾತು ಕೇಳಿ ಕೊಡ್ತೀನಿ ಅಮ್ಮಾ" ಅಂದ. "ಹೆತ್ತವಳು ನಾನು. ನಿನ್ನ ಅಪ್ಪಣೆ ಬೇಕಾ?" ಎಂದೆ. ಕೊಟ್ಟ.

ಅಂಗಡಿ ನಡೆಯುತ್ತಿದೆ. ನೀನು ಸ್ಪ್ರಿಂಗು ಕಟ್ಟಿ ಹಾಗೇ ಬಿಟ್ಟುಹೋದ ಸೋಫಾವನ್ನು ನಾನೇ ಮುಗಿಸಿದೆ. ನಾರು ತುಂಬಿ, ಫೋಮ್ ಕೂರಿಸಿ, ಹಸಿರು ರೆಕ್ಸಿನ್ ಎಳೆದು ಮೊಳೆ ಹೊಡೆಯುವಾಗ ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿತ್ತು. ನಿನ್ನ ಕರುಳು ಚುರುಕ್ ಎನ್ನಲಿ ಎಂದು ಬರೆದದ್ದಲ್ಲ. ನಡೆದದ್ದು ಬರೆದೆ.

ಮೂವತ್ತೊಂದು ವರ್ಷದ ಹೆಂಗಸು ಆಟದ ಒಂದು ಮಾತಿಗೆ ಮನೆ ಬಿಟ್ಟು ಹೋಗುವುದನ್ನು ನಾನು ಎಲ್ಲೂ ಕಂಡಿಲ್ಲ, ಕೇಳಿಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು, ಬಟ್ಟೆ ಕತ್ತರಿಸುವ ನನ್ನ ಮೇಜಿನ ಸುತ್ತ ಕೂತು ನೀವು ಆಡುತ್ತಿದ್ದ ಆಟಕ್ಕೆ ನಾನು ಅಡ್ಡಿ ಮಾಡಿದೆನೇ? ಇಲ್ಲದ ರಾಜ್ಯ, ಇಲ್ಲದ ಕಾಡು, ಬೆಂಕಿ ಉಗುಳುವ ಹಾರುವ ಹಾವು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುವುದು, ಕತ್ತಿ ತಾಗಿತೋ ತಪ್ಪಿತೋ ಎಂದು ದಾಳ ಉರುಳಿಸಿ ನೋಡುವುದು. ಕಥೆ ನಡೆಸುವವನು ಹಲ್ಲಿನವನು. "ಅಮ್ಮಾ, ನಮ್ಮ ರಾಜ್ಯಕ್ಕೆ ರಾಣಿ ಇಲ್ಲ. ಗದರಿಸೋಕೆ ಚೆನ್ನಾಗಿ ಬರೋರು ಬೇಕು. ನಿಮ್ಮನ್ನ ಬಿಟ್ರೆ ಯಾರಿದಾರೆ?" ಎಂದು ನನ್ನನ್ನು ಎಳೆದು ಕೂರಿಸಿದವನೂ ಅವನೇ. ಚಪ್ಪಾಳೆ ತಟ್ಟಿದವಳು ನೀನು. ಒಂದು ವರ್ಷ ನಾನು ನಿಮ್ಮ ರಾಣಿಯಾಗಿದ್ದೆ. ಚೆನ್ನಾಗಿಯೇ ಆಳಿದೆ.

ಆ ಭಾನುವಾರ ನಿನ್ನ ಪಾತ್ರ, ಗಡಿ ಕಾಯುವ ಕತ್ತಿಯವಳು, ಮತ್ತು ಆ ಬಸ್ ಡ್ರೈವರ್ ಹುಡುಗಿಯ ಪಾತ್ರ, ಹೊಳೆಕುಲದ ಉದ್ದ ಕಿವಿಯ ವೈದ್ಯೆ, ಇಬ್ಬರೂ ರಾಣಿಯ ಮುಂದೆ ಬಂದು ಮದುವೆಗೆ ಒಪ್ಪಿಗೆ ಕೇಳಿದರು. ಇಬ್ಬರೂ ಹೆಣ್ಣು. "ನನ್ನ ರಾಜ್ಯದಲ್ಲಿ ಇದಕ್ಕೆ ಜಾಗ ಇಲ್ಲ. ಗಡಿ ದಾಟಿ ಹೋಗಿ, ಮತ್ತೆ ಮುಖ ತೋರಿಸಬೇಡಿ" ಎಂದಳು ರಾಣಿ. ರಾಣಿ ಹೇಳಿದ್ದು, ನಾನಲ್ಲ. ಕುರ್ಚಿಯಲ್ಲಿ ಕೂತು ಆಡಿದ ಮಾತು ಪಾತ್ರದ್ದು, ಅದನ್ನು ಆಮೇಲೆ ಯಾರ ತಲೆಗೂ ಕಟ್ಟಬಾರದು ಎಂಬುದು ನೀವೇ ಮಾಡಿಕೊಂಡ ಕಟ್ಟಳೆ. ಬೆಳಗಾಗುವಷ್ಟರಲ್ಲಿ ನಿನ್ನ ಬಟ್ಟೆಯೂ ಇರಲಿಲ್ಲ, ನಿನ್ನ ಸುತ್ತಿಗೆಯೂ ಇರಲಿಲ್ಲ.

ತಿಂಗಳ ಕೊನೆಯೊಳಗೆ ಬಾ. ಆಸ್ಪತ್ರೆಯ ಬೆಂಚುಗಳ ಕೆಲಸ ಬಂದಿದೆ.

ನಿನ್ನ ತಾಯಿ

*

ಮಾರ್ಚ್ ೩

ಅಮ್ಮ,

ಕಾಗದ ಹರಿಯಲಿಲ್ಲ. ಚೀಲದಲ್ಲಿಟ್ಟುಕೊಂಡು ತಿರುಗಿದೆ. ಹೆಬ್ಬೆರಳಿಗೆ ಏನು ಹಚ್ಚಿದೆ? ಏನೂ ಹಚ್ಚಿರುವುದಿಲ್ಲ, ನನಗೆ ಗೊತ್ತು.

ನನಗೆ ಇಲ್ಲಿ ಕಾರಿನ ಸೀಟು ಹೊಲಿಯುವ ಕಡೆ ಕೆಲಸ ಸಿಕ್ಕಿದೆ. ಅವಳಿಗೆ ಈ ಊರಿನ ಬಸ್ ಡಿಪೋಗೆ ವರ್ಗವಾಯಿತು. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಸುಖವಾಗಿದ್ದೇವೆ ಎಂದು ಬರೆದರೆ ನಿನಗೆ ಕೋಪ ಬರುತ್ತದೆ, ಕಷ್ಟದಲ್ಲಿದ್ದೇವೆ ಎಂದು ಬರೆದರೆ "ನಾನು ಹೇಳಿರಲಿಲ್ವಾ" ಅನ್ನುತ್ತೀಯ. ಹಾಗಾಗಿ ಎರಡನ್ನೂ ಬರೆಯುವುದಿಲ್ಲ.

ನೀನು ನಮ್ಮ ಕಟ್ಟಳೆಯನ್ನು ಅರ್ಧ ಮಾತ್ರ ಬರೆದಿದ್ದೀಯ. ಕೂತು ಆಡಿದ್ದು ಪಾತ್ರದ ಮಾತು. ಎದ್ದು ನಿಂತು ಆಡಿದ್ದು ಸ್ವಂತ ಮಾತು. ಟೀ ಬೇಕಾದರೆ, ಮನೆಗೆ ಹೊರಡಬೇಕಾದರೆ, ಈ ಕಥೆಯಿಂದ ಮನಸ್ಸಿಗೆ ನೋವಾಗುತ್ತಿದೆ ಸಾಕು ಮಾಡಿ ಎನ್ನಬೇಕಾದರೆ ಎದ್ದು ನಿಲ್ಲಬೇಕು. ಅದನ್ನು ನಮಗಿಂತ ಶಿಸ್ತಾಗಿ ಪಾಲಿಸುತ್ತಿದ್ದವಳು ನೀನು. ಮಧ್ಯೆ ಗಿರಾಕಿ ಬಾಗಿಲು ತಟ್ಟಿದರೆ ಕೂಡ "ತಡೀರಿ, ರಾಣಿ ಏಳ್ತಾಳೆ" ಎಂದು ಹೇಳಿಯೇ ಏಳುತ್ತಿದ್ದೆ. ಅವತ್ತು ನೀನು ಎದ್ದು ನಿಂತಿದ್ದೆ ಅಮ್ಮ. ಎರಡೂ ಕೈಯನ್ನು ಮೇಜಿನ ಮೇಲೆ ಊರಿ, ನಿಂತು, ಅವಳ ಮುಖ ನೋಡಿಕೊಂಡು ಹೇಳಿದೆ. ಅವಳ ಪಾತ್ರದ ಮುಖವಲ್ಲ.

ಆಟದೊಳಗೆ ಯಾಕೆ ಕೇಳಿದೆ ಅನ್ನುತ್ತೀಯ. ಹೊರಗೆ ಕೇಳುವ ಧೈರ್ಯ ನನಗಿರಲಿಲ್ಲ. ರಾಣಿಯನ್ನು ಕೇಳಬಹುದು ಅನ್ನಿಸಿತ್ತು. ಆ ರಾಣಿ ನಿನಗಿಂತ ಒಳ್ಳೆಯವಳು. ಕಳ್ಳನನ್ನು ಕ್ಷಮಿಸಿ ಕಾವಲಿನವನನ್ನಾಗಿ ಮಾಡಿದ್ದಳು. ಆ ಹಾರುವ ಹಾವನ್ನು ಕೊಲ್ಲಬೇಡಿ, ಮರಿ ಇರಬಹುದು ಎಂದಿದ್ದಳು. ಅದಕ್ಕೆ ದಿನಕ್ಕೆ ಎಷ್ಟು ಕುರಿ ಬೇಕು, ಎಲ್ಲಿಂದ ತರಿಸಬೇಕು ಎಂದು ಕೂತು ಯೋಚನೆ ಮಾಡಿದ್ದಳು. ಬೆಂಕಿ ಉಗುಳುವ ಹಾವಿಗೆ ನಿನ್ನ ರಾಜ್ಯದಲ್ಲಿ ಜಾಗ ಸಿಕ್ಕಿತು. ನಮ್ಮಿಬ್ಬರಿಗೆ ಸಿಗಲಿಲ್ಲ.

ಇನ್ನೊಂದು. ಲೈಬ್ರರಿಯಲ್ಲಿ ಕೆಲಸ ಮಾಡುವ, ನಾವು ಮೀಸೆ ಎಂದು ಕರೆಯುವ ಗೆಳೆಯ ಹೆಂಡದಂಗಡಿಯ ಒಡತಿಯಾಗಿ, ಸೊಂಟ ತಿರುಗಿಸಿ, ಕಂಡ ಕಂಡ ಸೈನಿಕನಿಗೆಲ್ಲ ಕಣ್ಣು ಹೊಡೆದಾಗ ನೀನು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದೆ. "ಪಾತ್ರ ಚೆನ್ನಾಗಿ ಕಟ್ಟಿದಾನೆ ಕಣೇ" ಅಂದಿದ್ದೆ. ಹೊಳೆಕುಲದವರು ಜೊತೆ ಹುಡುಕುವಾಗ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ ಎಂದು ಹಲ್ಲಿನವನು ಕಥೆಯಲ್ಲಿ ಹೇಳಿದಾಗಲೂ ನೀನು ತಲೆಯಾಡಿಸಿದ್ದೆ. ತಮಾಷೆಯಾಗಿದ್ದಾಗ ಎಲ್ಲದಕ್ಕೂ ಜಾಗವಿತ್ತು. ನಾವು ತಮಾಷೆ ಮಾಡಲಿಲ್ಲ, ಅದೇ ತಪ್ಪಾಯಿತು.

ನಿನ್ನ ಮಗಳು

*

ಮಾರ್ಚ್ ೯

ಮಗಳಿಗೆ,

ರಾಣಿಯಾದವಳು ತೀರ್ಪು ಕೊಡುವಾಗ ಕೂತುಕೊಂಡೇ ಇರಬೇಕೇ? ಗಾಂಭೀರ್ಯ ಬರಲೆಂದು ಎದ್ದೆ. ಅದಲ್ಲದೆ ಬೆಳಗಿನಿಂದ ನನ್ನ ಸೊಂಟ ಹಿಡಿದುಕೊಂಡಿತ್ತು, ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಎರಡು ಕಾರಣ ಕೊಡುತ್ತಿದ್ದೇನೆ ಎಂದು ನೀನು ನಗುವುದು ಬೇಡ. ಎರಡೂ ನಿಜ.

ನಿಮ್ಮ ಕಟ್ಟಳೆಯನ್ನು ಹಿಡಿದು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಬೇಡ. ನಿಮ್ಮಿಬ್ಬರ ನಡುವೆ ಏನಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಆ ಹುಡುಗಿ ಬರುತ್ತಿದ್ದಳು, ಹೋಗುತ್ತಿದ್ದಳು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಟೀ ಕುಡಿಯುತ್ತಿದ್ದಳು. ಸ್ನೇಹಿತೆ ಎಂದುಕೊಂಡಿದ್ದೆ. ಯಾವ ತಾಯಿಯಾದರೂ ಹಾಗೇ ಅಂದುಕೊಳ್ಳುತ್ತಾಳೆ.

ನನಗಿಂತ ರಾಣಿ ಒಳ್ಳೆಯವಳು ಎಂದು ಬರೆದಿದ್ದೀಯ. ರಾಣಿಗೆ ಏನಮ್ಮ? ಅವಳಿಗೆ ಅಕ್ಕ ಇಲ್ಲ, ನೆಂಟರಿಲ್ಲ, ಎದುರುಗಡೆ ಅಂಗಡಿಯವರಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ "ಮಗಳೆಲ್ಲಿ?" ಎಂದು ಕೇಳುವವರು ಯಾರೂ ಇಲ್ಲ. ನನ್ನನ್ನು ಕೇಳುತ್ತಾರೆ. ಹೊಸ ಮಾದರಿಯ ಕೆಲಸ ಕಲಿಯಲು ಹೋಗಿದ್ದಾಳೆ ಎಂದು ಹೇಳುತ್ತಿದ್ದೇನೆ.

ಹೆಬ್ಬೆರಳು ವಾಸಿಯಾಗುತ್ತಿದೆ. ಉಗುರು ಬಿದ್ದು ಹೋಗುತ್ತದೆಯಂತೆ. ಏನೂ ಹಚ್ಚಲಿಲ್ಲ.

ನಿನ್ನ ತಾಯಿ

*

ಏಪ್ರಿಲ್ ೨೦

ಮೊಳೆಗೆ,

ನಿನ್ನಿಂದ ಉತ್ತರವಿಲ್ಲ. ಬಾಯಿತುಂಬ ಮೊಳೆ ಇಟ್ಟುಕೊಂಡು ಅಂಗಡಿಯೆಲ್ಲ ಓಡಾಡುತ್ತಿದ್ದ ನಿನಗೆ ನಿಮ್ಮಪ್ಪ ಇಟ್ಟ ಹೆಸರಿನಿಂದ ಕರೆದರಾದರೂ ಬರೆಯುತ್ತೀಯೋ ಎಂದು ನೋಡುತ್ತಿದ್ದೇನೆ.

ನೀವು ಹೋದ ಮೇಲೆ ಭಾನುವಾರದ ಆಟ ನಿಂತಿತ್ತು. ನಾನೇ ಹಲ್ಲಿನವನ ಕೆಲಸದ ಜಾಗಕ್ಕೆ ಹೋದೆ. ಒಂದು ಸಾಲು ಹಲ್ಲನ್ನು ಕೈಯಲ್ಲಿ ಹಿಡಿದು ಉಜ್ಜುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಇಳಿಯಿತು, ಕೈಯಲ್ಲಿದ್ದ ಹಲ್ಲು ಮಾತ್ರ ನಗುತ್ತಿತ್ತು. "ರಾಣಿಗೆ ಆಜ್ಞೆ ಹಿಂದಕ್ಕೆ ತಗೊಳ್ಳೋಕೆ ಬರುತ್ತಾ?" ಎಂದು ಕೇಳಿದೆ. ಹಲ್ಲನ್ನು ಮೇಜಿನ ಮೇಲಿಟ್ಟು, "ರಾಣಿಗೆ ಬರುತ್ತೆ ಅಮ್ಮಾ" ಅಂದ. ರಾಣಿಗೆ ಎಂಬುದನ್ನು ಸ್ವಲ್ಪ ಒತ್ತಿ ಹೇಳಿದ. ಕೇಳಿಸಿದರೂ ಕೇಳಿಸದಂತಿದ್ದೆ.

ಹೋದ ಭಾನುವಾರ ಅವನೂ ಮೀಸೆಯೂ ಬಂದರು. ನಿಮ್ಮಿಬ್ಬರ ಕುರ್ಚಿ ಖಾಲಿ ಇಟ್ಟೆವು. ನಾನು ಕೂತುಕೊಂಡೇ ಆಜ್ಞೆ ಹೊರಡಿಸಿದೆ. ಗಡಿ ದಾಟಿದ ಕತ್ತಿಯವಳೂ ಹೊಳೆಕುಲದ ವೈದ್ಯೆಯೂ ರಾಜ್ಯಕ್ಕೆ ಮರಳಿ ಬರಬಹುದು, ಇಬ್ಬರ ಮದುವೆಗೆ ಅರಮನೆಯ ಒಪ್ಪಿಗೆ ಇದೆ, ಅವರನ್ನು ಹೀಯಾಳಿಸಿದವರಿಗೆ ಶಿಕ್ಷೆ. ಮಾತುಗಳನ್ನು ಚೆನ್ನಾಗಿ ಜೋಡಿಸಿಕೊಂಡು ಹೋಗಿದ್ದೆ. ಹೇಳಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಲ್ಲಿನವನು, "ದೂತ ಹೊರಟ" ಎಂದಷ್ಟೇ ಹೇಳಿದ. ಹೆಂಡದಂಗಡಿಯ ಒಡತಿ ಏನಾದರೂ ತಮಾಷೆ ಮಾಡುತ್ತಾಳೇನೋ ಎಂದು ಮೀಸೆಯ ಕಡೆ ನೋಡಿದೆ. ಅವನು ತನ್ನ ಸ್ವಂತ ದನಿಯಲ್ಲಿ, "ನಾನು ಹೊರಡ್ತೀನಿ ಅಮ್ಮ" ಎಂದು ಎದ್ದ. ಟೀ ಕೂಡ ಕುಡಿಯಲಿಲ್ಲ.

ಆದರೂ ಆಜ್ಞೆ ಆಜ್ಞೆಯೇ. ನಿನಗೆ ತಿಳಿಸುವುದು ನನ್ನ ಕರ್ತವ್ಯ. ಗಡಿ ತೆರೆದಿದೆ.

ನಿನ್ನ ತಾಯಿ

*

ಮೇ ೨

ಅಮ್ಮ,

ಕತ್ತಿಯವಳಿಗೂ ವೈದ್ಯೆಗೂ ಸಂತೋಷವಾಗಿರಬಹುದು. ಅವರಿಗೆ ತಿಳಿಸುತ್ತೇನೆ.

ನಾನು ಅವಳಿಗೆ ಓದಿ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. "ನಿಮ್ಮಮ್ಮ ನನ್ನನ್ನ ಒಂದು ಸಲಾನೂ ಹೆಸರು ಹಿಡಿದು ಕರೆದಿಲ್ಲ ಅಲ್ವಾ?" ಎಂದು ಕೇಳಿದಳು. ಯೋಚಿಸಿದೆ. ಹೌದು. ಒಂದು ವರ್ಷ ನಿನ್ನ ಕೈಯಿಂದ ಟೀ ಕುಡಿದವಳು. "ಆ ಹುಡುಗಿ", "ಡ್ರೈವರ್", ಇಲ್ಲದಿದ್ದರೆ ಬರೀ "ತಗೋ".

ನನಗೆ ರಾಣಿಯ ಒಪ್ಪಿಗೆ ಬೇಡ ಅಮ್ಮ. ಅವಳು ಹಾವಿಗೂ ಕೊಟ್ಟಿದ್ದಳು. ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ನಾಳೆ ಅಂಗಡಿಯಲ್ಲಿ ನಾಲ್ಕು ಜನರ ಎದುರು ಯಾರಾದರೂ "ನಿನ್ನ ಮಗಳು ಯಾರ ಜೊತೆ ಇದ್ದಾಳೆ?" ಎಂದು ಕೇಳಿದರೆ ಏನು ಹೇಳುತ್ತೀಯ? ಅದಕ್ಕೆ ಉತ್ತರ ಸಿಕ್ಕಿದ ದಿನ ಬರೆ. ಅಲ್ಲಿಯವರೆಗೆ ಬರೆಯಬೇಡ. ಬರೆದರೆ ನಾನು ಓದುತ್ತೇನೆ, ಓದಿದರೆ ಎರಡು ದಿನ ಕೆಲಸ ಕೆಡುತ್ತದೆ.

ಮೊಳೆ

*

ಮೇ ೧೬

ಮೊಳೆಗೆ,

ಬರೆಯಬೇಡ ಎಂದಿದ್ದೀಯ. ನಿನ್ನ ಪ್ರಶ್ನೆಗೆ ಉತ್ತರವೂ ನನ್ನಲ್ಲಿಲ್ಲ. ಆದರೆ ಮಾರ್ಚಿನಲ್ಲಿ ಬರೆದ ಒಂದು ಮಾತು ಸುಳ್ಳು. ಅದನ್ನು ನಿನ್ನ ಮನೆಯಲ್ಲಿ ಹಾಗೇ ಬಿಡಲು ಆಗುತ್ತಿಲ್ಲ.

ಗೊತ್ತಿತ್ತು.

ನಿಮ್ಮಿಬ್ಬರ ವಿಷಯ ಹೋದ ವರ್ಷ ಮಳೆಗಾಲಕ್ಕೆ ಮೊದಲೇ ಗೊತ್ತಿತ್ತು. ನೀನು ಹಳೆಯ ಕುಶನ್ ಬಿಚ್ಚುತ್ತಿದ್ದೆ, ತಲೆತುಂಬ ಫೋಮಿನ ಪುಡಿ. ಅವಳು ಬಂದು, ಒಂದೊಂದೇ ಚೂರನ್ನು ನಿನ್ನ ಕೂದಲಿನಿಂದ ತೆಗೆದು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ನೆಲಕ್ಕೆ ಹಾಕಬಹುದಿತ್ತು, ನೆಲದ ತುಂಬ ಅದೇ ಇತ್ತು. ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಒಳಬಾಗಿಲಲ್ಲಿ ರೆಕ್ಸಿನ್ ಸುರುಳಿ ಹಿಡಿದು ನಿಂತಿದ್ದೆ. ನಿಮ್ಮಪ್ಪ ನನ್ನ ಜೊತೆ ಮೂವತ್ತು ವರ್ಷ ಬಾಳಿದರು. ಒಳ್ಳೆಯವರು. ನನ್ನ ತಲೆಯ ಪುಡಿಯನ್ನು ಅವರು ತೆಗೆದದ್ದು ನೆನಪಿಲ್ಲ. ನೀವು ನನ್ನನ್ನು ನೋಡಲಿಲ್ಲ. ನಾನು ಹಿಂದೆ ಸರಿದು, ಪಾತ್ರೆ ಸದ್ದು ಮಾಡಿ, ಮತ್ತೆ ಬಂದೆ.

ಆಮೇಲೆ ಭಾನುವಾರ ಭಾನುವಾರ ನೀವಿಬ್ಬರೂ ಆಟದೊಳಗೆ ಆಡುತ್ತಿದ್ದ ಮಾತನ್ನು ಕೇಳುತ್ತಾ ಕೂತೆ. ಕತ್ತಿಯವಳ ಗಾಯಕ್ಕೆ ವೈದ್ಯೆ ಪಟ್ಟಿ ಕಟ್ಟುತ್ತಿದ್ದಳು. ಕಾಡಿನಲ್ಲಿ ಒಂದೇ ಕಂಬಳಿ ಸಿಕ್ಕಿತೆಂದು ಹಲ್ಲಿನವನು ಹೇಳಿದರೆ ಇಬ್ಬರ ಕಿವಿಯೂ ಕೆಂಪಾಗುತ್ತಿತ್ತು. ಇಲ್ಲದ ರಾಜ್ಯದಲ್ಲಿ ನನ್ನ ಮಗಳು ತಾನು ಇದ್ದ ಹಾಗೇ ಇದ್ದಳು, ನನ್ನ ಮನೆಯಲ್ಲಿ ಹಾಗೆ ಇರುತ್ತಿರಲಿಲ್ಲ. ಅದನ್ನು ನೋಡಲೆಂದೇ ರಾಣಿಯಾಗಿ ಕೂರುತ್ತಿದ್ದೆನೋ ಏನೋ. ನೋಡಿ ಸಂತೋಷಪಟ್ಟೆನೋ, ಹೊಟ್ಟೆ ಉರಿದುಕೊಂಡೆನೋ, ಈಗ ಹೇಳಲಾರೆ. ಎರಡೂ ಇತ್ತು.

ಒಂದು ದಿನ ನೀನು ಬಂದು ಕೇಳುತ್ತೀಯ ಎಂದು ಕಾಯುತ್ತಿದ್ದೆ. ಕೇಳಿದರೆ ಏನು ಹೇಳಬೇಕೆಂದು ಬಟ್ಟೆ ಕತ್ತರಿಸುತ್ತಾ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. "ಇದಕ್ಕೆ ಜಾಗ ಇಲ್ಲ." ಆ ಮಾತು ರಾಣಿಯ ಬಾಯಿಗೆ ತಟ್ಟನೆ ಬಂದದ್ದಲ್ಲ. ನನ್ನ ಬಾಯಲ್ಲಿ ತಿಂಗಳುಗಟ್ಟಲೆ ಇದ್ದದ್ದು. ನೀವು ಆಟದೊಳಗೆ ಕೇಳಿದಿರಿ. ಸಿಕ್ಕಿತು ಅವಕಾಶ ಎಂದುಕೊಂಡೆ. ಹೇಳಿಯೂ ಹೇಳದವಳಂತೆ ಇರಬಹುದು. ಆದರೆ ಹೇಳುವಾಗ ಕೂತಿರಲು ಆಗಲಿಲ್ಲ. ಕೋಪ ಬಂದಾಗ ನಾನು ಯಾವತ್ತು ಕೂತಿದ್ದೇನೆ? ಸೊಂಟಕ್ಕೆ ಏನೂ ಆಗಿರಲಿಲ್ಲ.

ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಂದೆ ನಾನು ಇಟ್ಟಿದ್ದ ಟೀ ಇತ್ತು. ನಾನು ಮಾತು ಮುಗಿಸಿದ ಮೇಲೆ ಅವಳು ಆ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಬೇರೇನೂ ಮಾಡಲಿಲ್ಲ. ದಿನಕ್ಕೊಂದು ಸಲವಾದರೂ ಅದು ಕಣ್ಣ ಮುಂದೆ ಬರುತ್ತದೆ.

ಇದಕ್ಕೆ ಉತ್ತರ ಬರೆಯಬೇಡ.

ನಿನ್ನ ತಾಯಿ

*

ಜೂನ್ ೨೮

ಮೊಳೆಗೆ,

ಬುಧವಾರ ನಿನ್ನ ದೊಡ್ಡಮ್ಮ ಅಂಗಡಿಗೆ ಬಂದಿದ್ದಳು. ಹೋದ ವಾರ ಊಟದ ಮೇಜಿನ ಆರು ಕುರ್ಚಿಗಳನ್ನು ಹೊಸ ಬಟ್ಟೆ ಹಾಕಲು ಕಳಿಸಿದ್ದಳು. ಬಂದವಳೇ, ಫೋಮ್ ತಂದುಹಾಕುವವನು ಇದ್ದಾನೆ, ಆಸ್ಪತ್ರೆಯ ಗುಮಾಸ್ತ ಇದ್ದಾನೆ ಎಂದು ನೋಡದೆ ಶುರು ಮಾಡಿದಳು.

"ಎಲ್ಲೇ ನಿನ್ನ ಮಗಳು? ಇನ್ನೂ ಕಲೀತಾನೇ ಇದಾಳಾ? ಸೋಫಾ ಮಾಡೋಕೆ ಡಾಕ್ಟರಿಗಿಂತ ಜಾಸ್ತಿ ಓದಬೇಕಾ?"

"ಕಲಿಯೋಕೆ ಹೋಗಿಲ್ಲ ಅಕ್ಕ. ಬಸ್ ಓಡಿಸೋಳ ಜೊತೆ ಸಂಸಾರ ಮಾಡ್ಕೊಂಡಿದಾಳೆ" ಎಂದೆ.

ಹೇಳಿದೆ ಎಂದು ಬರೆದರೆ ಧೈರ್ಯವಾಗಿ ಹೇಳಿದ ಹಾಗೆ ಕಾಣುತ್ತದೆ. ನಿಜ ಬರೆಯುತ್ತೇನೆ. ತಲೆ ಬಗ್ಗಿಸಿ, ಕೈಲಿದ್ದ ಕತ್ತರಿಗೆ ಹೇಳಿದ ಹಾಗೆ ಹೇಳಿದೆ. ಪಕ್ಕದಲ್ಲಿ ಹೊಲಿಗೆಯವಳ ಮಿಷನ್ ಓಡುತ್ತಿತ್ತು. ಅದು ಓಡುತ್ತಿದೆ ಎಂದು ಗೊತ್ತಿದ್ದೇ ಬಾಯಿ ತೆರೆದಿದ್ದೆ.

"ಏನಂದೆ? ಈ ಸದ್ದಲ್ಲಿ ಏನ್ ಕೇಳ್ಸುತ್ತೆ? ಏಯ್, ನಿಲ್ಸಮ್ಮ ಅದನ್ನ ಒಂದು ಚಣ!" ಎಂದಳು ನಿನ್ನ ದೊಡ್ಡಮ್ಮ.

ಮಿಷನ್ ನಿಂತಿತು. ಗುಮಾಸ್ತ ತಿರುಗಿ ನೋಡಿದ. ಇನ್ನೂ ಕಲೀತಿದಾಳೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ಹಾಗೆ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿನಗೂ ಗೊತ್ತಾಗುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

"ಸಂಸಾರ ಮಾಡ್ಕೊಂಡಿದಾಳೆ ಅಂದೆ. ಒಂದು ಹೆಣ್ಣಿನ ಜೊತೆ. ಬಸ್ ಓಡಿಸ್ತಾಳೆ ಆ ಹುಡುಗಿ. ನನಗೆ ಸೊಸೆ ಅಂತೀಯೋ, ಇನ್ನೊಬ್ಬಳು ಮಗಳು ಅಂತೀಯೋ, ನಿಂಗೆ ಹೇಗೆ ಬೇಕೋ ಹಾಗೆ ಅಂದ್ಕೋ. ನನ್ನವಳು."

"ತಲೆ ಸರಿ ಇದೆಯೇನೇ ನಿಂಗೆ?"

"ಇವತ್ತು ಸರಿ ಇದೆ."

"ಜನ ಏನಂತಾರೆ, ಯೋಚನೆ ಮಾಡಿದೀಯಾ?"

"ಜನ ನನ್ನ ಹತ್ರ ಕುರ್ಚಿ ರಿಪೇರಿಗೆ ಬರ್ತಾರೆ ಅಕ್ಕ, ಉಪದೇಶಕ್ಕಲ್ಲ."

"ಹಾಗಾದ್ರೆ ನನ್ನ ಕುರ್ಚಿ ವಾಪಸ್ ಕೊಡು."

"ಮೂರು ಬಿಚ್ಚಾಗಿದೆ."

"ಬಿಚ್ಚಿದ್ದನ್ನೇ ಕೊಡು!"

ಗಾಡಿ ತರಿಸಿ, ಆರನ್ನೂ ಏರಿಸಿಕೊಂಡು ಹೋದಳು. ಮೂರಕ್ಕೆ ಕೂರುವ ಜಾಗವೇ ಇಲ್ಲ, ಬರೀ ಚೌಕಟ್ಟು. ಫೋಮಿನವನು ತಡೆಯಲಾರದೆ ಕಿಸಕ್ಕನೆ ನಕ್ಕ. ನನಗೂ ನಗು ಬಂತು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಹೋಗಿ ನೀರು ಕುಡಿದೆ. ನನ್ನನ್ನು ಎತ್ತಿ ಆಡಿಸಿದ ಅಕ್ಕ. ಇನ್ನು ಬರುತ್ತಾಳೋ ಇಲ್ಲವೋ. ಸಂಜೆ ಹೊರಡುವಾಗ ಹೊಲಿಗೆಯವಳು, "ಆ ಬಸ್ಸಿನಕ್ಕ ಚೆನ್ನಾಗಿದಾರಾ?" ಅಂದಳು. ಅವಳಿಗೂ ಗೊತ್ತಿತ್ತು ನೋಡು. ಎಲ್ಲರಿಗೂ ಗೊತ್ತಿದ್ದದ್ದನ್ನು ಮುಚ್ಚಿಡಲು ನಾನು ನಿನ್ನನ್ನು ಮನೆಯಿಂದ ಕಳೆದುಕೊಂಡೆ.

ಒಂದು ಸಲ, ನಾಲ್ಕು ಜನರ ಎದುರು ಹೇಳುವುದಕ್ಕೆ ನನಗೆ ಇಷ್ಟಾಯಿತು. ನೀವಿಬ್ಬರೂ ಇದನ್ನು ಮನೆ ಬಾಡಿಗೆಗೆ ಕೇಳುವಾಗ, ಕೆಲಸದ ಕಡೆ, ಪಕ್ಕದ ಮನೆಯವರ ಮುಂದೆ, ಹೋದಲ್ಲೆಲ್ಲ ಹೇಳುತ್ತಿರಬೇಕು, ಇಲ್ಲವೇ ಹೇಳದೆ ನುಂಗುತ್ತಿರಬೇಕು. ಮೊದಲು ಹೇಳಿದ್ದು ನನಗೆ. ನಾನು ಕೊಟ್ಟ ಉತ್ತರ ನಮ್ಮ ಮೂವರಿಗೂ ಗೊತ್ತಿದೆ. ಅದಕ್ಕೆ ಕ್ಷಮೆ ಕೇಳಲು ಹಲವು ಸಲ ಕೂತೆ. ಬರೆದದ್ದೆಲ್ಲ ರಾಣಿಯ ಮಾತಿನ ಹಾಗೆ ಠೀವಿಯಾಗಿ ಬಂತು. ಹರಿದು ಹಾಕಿದೆ.

ಮನೆಗೆ ಬನ್ನಿ ಎಂದು ಕರೆಯುವುದಿಲ್ಲ. ಹೋಗಿ ಎಂದವಳೇ ಬನ್ನಿ ಎಂದರೆ ಅದೂ ಆಜ್ಞೆಯಂತೆ ಕೇಳುತ್ತದೆ. ನೀವು ಒಪ್ಪಿದರೆ ನಾನೇ ಬರುತ್ತೇನೆ. ಅವಳು ಯಾವ ದಾರಿಯ ಬಸ್ಸು ಓಡಿಸುತ್ತಾಳೆ ಎಂಬುದನ್ನು ತಿಳಿಸು. ನಾನು ಬೇರೆ ಬಸ್ಸು ಹತ್ತುತ್ತೇನೆ. ದಾರಿಯುದ್ದಕ್ಕೂ ಹಿಂದೆ ಕೂತು ಅವಳ ಬೆನ್ನು ನೋಡುತ್ತಾ ಬರಲು ನನ್ನಿಂದಾಗದು. ಬಾಗಿಲಲ್ಲಿ ಅವಳ ಮುಖವನ್ನೇ ನೋಡಬೇಕು. ಬೇಡ ಅನ್ನುವುದಾದರೆ ಅವಳೇ ಅನ್ನಲಿ. ಅವಳಿಗೆ ಆ ಹಕ್ಕಿದೆ. ನಾನು ಸಿಟ್ಟಾಗುವುದಿಲ್ಲ. ಆಗುತ್ತೇನೆ, ಆದರೆ ತೋರಿಸುವುದಿಲ್ಲ.

ಈ ಕಾಗದವನ್ನು ಅವಳಿಗೂ ಓದಿ ಹೇಳು. ಓದುವಾಗ ನನ್ನನ್ನು ಒಳ್ಳೆಯವಳನ್ನಾಗಿ ಮಾಡಬೇಡ. ಮೊದಲ ಸಲ ಮಿಷನ್ ಸದ್ದಿನ ಮರೆಯಲ್ಲಿ ಹೇಳಿದೆನಲ್ಲ, ಅದನ್ನೂ ಬಿಡದೆ ಓದು.

ಅಮ್ಮ